ಯಾರ ಮೊಣಕಾಲು

ಡಾಕ್ಟರ್ ಒಲಿವೆರಾಗೆ ಲಿಪ್ನಿಕ್ ಊರಿನವರನ್ನು ಕಂಡರೆ ಆಗುತ್ತಿರಲಿಲ್ಲ. ಇದರಲ್ಲಿ ಗುಟ್ಟೇನೂ ಇಲ್ಲ, ಕಣಿವೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವಳು ಅದೇ ಕಣಿವೆಯ ಎದುರಾಳಿ ಊರು ವ್ರಾನೊವೊದ ಹೆಣ್ಣು. ವಯಸ್ಸಿದ್ದಾಗ ವ್ರಾನೊವೊ ಹ್ಯಾಂಡ್‌ಬಾಲ್ ತಂಡಕ್ಕೆ ಗೋಲು ಕಾಯ್ದವಳು. ಲಿಪ್ನಿಕ್‌ನ ಗ್ಯಾಲರಿಯಿಂದ ಅವಳ ತಲೆಯ ಮೇಲೆ ಸಿಗರೇಟು ಲೈಟರುಗಳು ಬಿದ್ದಿದ್ದವು, ಬೈಗುಳ ಬಿದ್ದಿದ್ದವು, ಒಮ್ಮೆ ಯಾರೋ ಅರ್ಧ ತಿಂದ, ಮಾಂಸ ತುಂಬಿದ ಬುರೆಕ್ ಎಂಬ ಎಣ್ಣೆ ಕಡುಬೂ ಬಂದು ಬಿದ್ದಿತ್ತು. ಬೇರೆಯವರಾಗಿದ್ದರೆ ಹಳೇ ಕಥೆ ಅಂತ ಬಿಟ್ಟುಬಿಡುತ್ತಿದ್ದರೇನೋ. ಒಲಿವೆರಾ ಬಿಡುವ ಪೈಕಿಯಲ್ಲ. ಆ ಬುರೆಕ್ಕಿನ ಎಣ್ಣೆ ಕೂದಲಿನಿಂದ ಹೋಗಲು ಎಷ್ಟು ಸೋಪು ಬೇಕಾಯಿತು ಅನ್ನುವುದನ್ನು ಅವಳು ಈಗಲೂ ಹೇಳುತ್ತಿದ್ದಳು.

ಆದರೆ ಕಣಿವೆಗೆಲ್ಲ ಇದ್ದ ಒಂದೇ ಎಂ.ಆರ್.ಐ. ಯಂತ್ರ ವ್ರಾನೊವೊ ಆಸ್ಪತ್ರೆಯಲ್ಲಿತ್ತು. ರಾಜಧಾನಿ ಪೊಡ್ಗೊರಿತ್ಸಾಕ್ಕೆ ಹೋದರೆ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಲಿಪ್ನಿಕ್‌ನ ಆಟಗಾರ್ತಿಯರು ಕಾಲು ಮುರಿದುಕೊಂಡಾಗಲೆಲ್ಲ ಹಲ್ಲು ಕಚ್ಚಿಕೊಂಡು ಇಲ್ಲಿಗೇ ಬರಬೇಕಿತ್ತು. ಬಂದರೂ ಒಲಿವೆರಾಳ ಮುಖ ಅವರು ಕಾಣುತ್ತಿರಲಿಲ್ಲ, ಅವರ ಮುಖ ಅವಳು ಕಾಣುತ್ತಿರಲಿಲ್ಲ. ಆ ಕೆಲಸವೇ ಹಾಗೆ. ರೋಗಿಯನ್ನು ಯಂತ್ರದೊಳಗೆ ಮಲಗಿಸುವವನು ಟೆಕ್ನಿಷಿಯನ್ ಸ್ಲಾವ್ಕೋ. ಒಲಿವೆರಾ ಮರುದಿನ ಕತ್ತಲೆ ಕೋಣೆಯಲ್ಲಿ ಕಾಫಿ ಹಿಡಿದು ಕೂತು, ಪರದೆಯ ಮೇಲೆ ಪದರ ಪದರವಾಗಿ ಬರುವ ಚಿತ್ರಗಳನ್ನು ನೋಡಿ, ಒಳಗೆ ಏನಾಗಿದೆ ಎಂದು ಬರೆಯುವವಳು. ಕಣಿವೆಯ ಅರ್ಧ ಜನರ ಮೊಣಕಾಲಿನ ಒಳಗು ಅವಳಿಗೆ ಗೊತ್ತಿತ್ತು. ಅವರೇ ಎದುರು ಬಂದು ನಮಸ್ಕಾರ ಹೇಳಿದರೆ ಯಾರಪ್ಪಾ ಇವರು ಅನ್ನುತ್ತಿದ್ದಳು.

ಆ ಗುರುವಾರ ಬೆಳಿಗ್ಗೆ ಪರದೆಯ ಮೇಲೆ ಬಂದ ಹೆಸರು ವುಕೋಸಾವಾ ದ್ರಾಶ್ಕಿಚ್. ಅಂದರೆ ವೂಕಾ! ಲಿಪ್ನಿಕ್ ತಂಡದ ಕಣ್ಮಣಿ, ಕೋಚ್ ಬ್ಲಾಗೋಯೆಯ ಮಗಳು, ವ್ರಾನೊವೊದವರ ನಿದ್ದೆಯನ್ನು ಮೂರು ವರ್ಷದಿಂದ ಕೆಡಿಸಿದವಳು. ಕಳೆದ ವಾರ ಸೆಮಿಫೈನಲ್‌ನಲ್ಲಿ ಅವಳು ಹಾರಿ ಚೆಂಡೆಸೆದು ಎಡಗಾಲ ಮೇಲೆ ಇಳಿದಾಗ ಮೊಣಕಾಲು ಒಳಕ್ಕೆ ತಿರುಚಿಕೊಂಡಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತ್ತು. ಒಲಿವೆರಾಳೂ ಗಂಡನ ಪಕ್ಕ ಕೂತು ನೋಡಿದ್ದಳು. "ಹೋಯ್ತು! ಲಿಗಮೆಂಟ್ ಹೋಯ್ತು ನೋಡು!" ಎಂದು ಬಾಯಲ್ಲಿ ಊಟ ಇಟ್ಟುಕೊಂಡೇ ಕೂಗಿದ್ದಳು. ಆ ಕೂಗಿನಲ್ಲಿ ಸಂತೋಷವಿತ್ತು. ಗಂಡ ತಿರುಗಿ ನೋಡಿದಾಗ ಒಂದಿಷ್ಟು ನಾಚಿಕೆಯೂ ಆಯಿತೆನ್ನಿ, ಆದರೆ ಸಂತೋಷವೇ ಜಾಸ್ತಿ.

ಈಗ ಭಾನುವಾರ ಫೈನಲ್. ಲಿಪ್ನಿಕ್ ಎದುರಿಗೆ ವ್ರಾನೊವೊ. ವೂಕಾಗೆ ಏನೂ ಆಗಿಲ್ಲ, ಬರೀ ಉಳುಕು ಎಂದು ಬ್ಲಾಗೋಯೆ ಪತ್ರಿಕೆಯವರ ಮುಂದೆ ಎದೆ ತಟ್ಟಿಕೊಂಡಿದ್ದ. ಹ್ಯಾಂಡ್‌ಬಾಲ್ ಒಕ್ಕೂಟದವರು ಅದನ್ನು ನಂಬದೆ, ಆಸ್ಪತ್ರೆಯಲ್ಲಿ ಚಿತ್ರ ತೆಗೆಸಿ ವರದಿ ತಂದರೆ ಮಾತ್ರ ಆಡಿಸುತ್ತೇವೆ ಎಂದಿದ್ದರು. ಆ ವರದಿಯನ್ನು ಬರೆಯುವವಳು ಒಲಿವೆರಾ. ನಕ್ಕು ನಕ್ಕು ಸಾಕಾಗಿತ್ತು ಅವಳಿಗೆ.

ಚಿತ್ರಗಳನ್ನು ತೆರೆದಳು. ನಗು ಅಲ್ಲಿಗೇ ನಿಂತಿತು.

ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ನಡುವಿನಿಂದ ಓರೆಯಾಗಿ ಬಿಗಿಹಿಡಿಯುವ ಲಿಗಮೆಂಟ್ ಕಪ್ಪಗೆ, ನೆಟ್ಟಗೆ, ಎಳೆದು ಕಟ್ಟಿದ ಹಗ್ಗದ ಹಾಗೆ ನಿಂತಿತ್ತು. ಹರಿದಿಲ್ಲ, ಊದಿಲ್ಲ, ಒಂದು ಎಳೆಯೂ ಸಡಿಲವಾಗಿಲ್ಲ. ಹಾಗೆ ತಿರುಚಿ ಬಿದ್ದ ಮೊಣಕಾಲಿನಲ್ಲಿ ಮೂಳೆಗೆ ಮೂಳೆ ಬಡಿದು ಒಳಗೆ ಪೆಟ್ಟಿನ ಗುರುತು ಇರಲೇಬೇಕು. ಅದೂ ಇರಲಿಲ್ಲ. "ಇದೇನಿದು ಕರ್ಮ!" ಎಂದುಕೊಂಡು ಒಲಿವೆರಾ ಕನ್ನಡಕ ಒರೆಸಿ ಮತ್ತೆ ನೋಡಿದಳು. ಆಗ ಕಂಡಿದ್ದು ಬೆಳವಣಿಗೆಯ ಗೆರೆ. ಮಕ್ಕಳ ಮೂಳೆಯ ತುದಿಯಲ್ಲಿ ಮೆದುಮೂಳೆಯ ಒಂದು ಪಟ್ಟಿ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಬೆಳೆದು ಮುಗಿದ ಮೇಲೆ ಅದು ಮುಚ್ಚಿಹೋಗುತ್ತದೆ. ಈ ಮೊಣಕಾಲಿನಲ್ಲಿ ಅದು ಹಗಲಿನಷ್ಟು ಸ್ಪಷ್ಟವಾಗಿ ತೆರೆದುಕೊಂಡಿತ್ತು. ವೂಕಾಗೆ ಇಪ್ಪತ್ತಮೂರು ವಯಸ್ಸು.

"ಕಳ್ಳ ನನ್ನಮಕ್ಕಳಾ," ಎಂದಳು ಒಲಿವೆರಾ ಜೋರಾಗಿಯೇ. ಯಾವುದೋ ಚಿಕ್ಕ ಹುಡುಗಿಯನ್ನು ವೂಕಾ ಹೆಸರಿನಲ್ಲಿ ಮಲಗಿಸಿಬಿಟ್ಟಿದ್ದಾರೆ! ಯಂತ್ರಕ್ಕೆ ಮುಖ ಕಾಣಿಸುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಮೂಳೆಗೆ ವಯಸ್ಸಿದೆ ಅನ್ನುವುದು ಗೊತ್ತಿಲ್ಲ. ಸಿಕ್ಕಿಬಿದ್ದಿರಿ ಬ್ಲಾಗೋಯೆ, ಭಾನುವಾರದ ಪತ್ರಿಕೆಯಲ್ಲಿ ನಿಮ್ಮ ಮಾನ ಹರಾಜು ಎಂದು ಅವಳು ಫೋನಿಗೆ ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ಆ ಗೆರೆಯ ಮೇಲೆ, ತೊಡೆಮೂಳೆಯ ಒಳಗೆ, ಮಜ್ಜೆ ಇರಬೇಕಾದ ಕಡೆ ಮಜ್ಜೆ ಇರಲಿಲ್ಲ.

ಅಲ್ಲಿ ಬೇರೇನೋ ಇತ್ತು. ಅಂಚು ಇಲ್ಲದ್ದು. ಅದು ಮೂಳೆಯ ಗೋಡೆಯನ್ನು ಒಂದು ಬದಿಯಲ್ಲಿ ತಿಂದು, ಮೇಲಿನ ಪೊರೆಯನ್ನು ಎತ್ತಿಕೊಂಡು ಹೊರಗೆ ಬರುತ್ತಿತ್ತು. ಒಲಿವೆರಾ ಒಂದೊಂದೇ ಚಿತ್ರವನ್ನು ಹಿಂದೆ ಮುಂದೆ ಸರಿಸಿದಳು. ಮಕ್ಕಳ ಮೊಣಕಾಲಿನ ಹತ್ತಿರ, ಬೆಳವಣಿಗೆಯ ಗೆರೆಯ ಪಕ್ಕ, ಇಂಥದ್ದು ಬಂದರೆ ಡಾಕ್ಟರುಗಳು ಮೊದಲು ಯಾವುದಕ್ಕೆ ಹೆದರುತ್ತಾರೋ ಅದಕ್ಕೇ, ಮೂಳೆಯ ಕ್ಯಾನ್ಸರಿಗೇ, ಅವಳೂ ಹೆದರಿದಳು. ಕಾಫಿ ಆರಿಹೋಯಿತು.

ಸ್ಲಾವ್ಕೋನನ್ನು ಕೂಗಿದಳು.

"ನಿನ್ನೆ ಯಾರನ್ನಯ್ಯಾ ಮಲಗಿಸ್ದೆ?"

"ವೂಕಾನ. ಅವರಪ್ಪನೇ ಕರ್ಕೊಂಡು ಬಂದಿದ್ರು. ಆರೋಗ್ಯ ಕಾರ್ಡು ಕೊಟ್ರು."

"ಮುಖ ನೋಡ್ದಾ?"

ಸ್ಲಾವ್ಕೋ ಕಿವಿ ಕೆರೆದುಕೊಂಡ. "ಎತ್ತರದ ಹುಡುಗಿ. ಟೋಪಿ ಎಳ್ಕೊಂಡಿದ್ಲು, ಮೂಗಿನ ತನಕ ಮಫ್ಲರು. ಲಿಪ್ನಿಕ್‌ನವಳು ವ್ರಾನೊವೊ ಆಸ್ಪತ್ರೆಗೆ ಬಂದ್ರೆ ಮುಖ ಮುಚ್ಕೊಳ್ದೆ ಇನ್ನೇನು ಮಾಡ್ತಾಳೆ ಅಂದ್ಕೊಂಡೆ ಡಾಕ್ಟ್ರೇ."

"ನಿನ್ನ ತಲೆಯೊಳಗೂ ಒಂದು ಸಲ ಚಿತ್ರ ತೆಗೀಬೇಕು, ಏನಾದ್ರೂ ಇದೆಯಾ ಅಂತ! ಅದು ವೂಕಾ ಅಲ್ಲ. ಯಾವುದೋ ಮಗು. ಆ ಮಗುಗೆ ಕಾಯಿಲೆ ಇದೆ. ಯಾವ ಮಗು ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ!"

ಸ್ಲಾವ್ಕೋನ ಮುಖ ಬಿಳಿಚಿಕೊಂಡಿತು. ಒಲಿವೆರಾ ಬ್ಲಾಗೋಯೆಗೆ ಫೋನು ಮಾಡಿ, ವೂಕಾಳನ್ನು ಕರೆದುಕೊಂಡು ಈಗಿಂದೀಗಲೇ ಬರಬೇಕು, ಇಲ್ಲದಿದ್ದರೆ ವರದಿ ಇಲ್ಲ ಎಂದಳು. ಫೋನಿನಲ್ಲಿ ಬೇರೇನೂ ಹೇಳಲಿಲ್ಲ. ಮಗುವಿನ ತಂದೆತಾಯಿ ಯಾರೋ ಏನೋ, ಇವನ ಬಾಯಿಂದ ಹೆಸರೊಂದು ಬಂದರೆ ಸಾಕು, ಆಮೇಲೆ ಆಟ ಹಾಳಾಗಿ ಹೋಗಲಿ ಅನ್ನುವುದು ಅವಳ ಲೆಕ್ಕ.

ಬ್ಲಾಗೋಯೆ ಬಂದ. ಬಾಗಿಲು ತುಂಬುವ ಆಳು, ಕಿವಿಯ ತನಕ ಎಳೆದ ಉಣ್ಣೆಯ ಟೋಪಿ. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಹೊಗೆಯಾಡಿಸಿದ ಮಾಂಸ ಮತ್ತು ಮನೆಯಲ್ಲಿ ಇಳಿಸಿದ ದ್ರಾಕ್ಷಿಯ ರಾಕಿಯಾ ಸಾರಾಯಿಯ ಬಾಟಲಿ. ಅವೆರಡನ್ನೂ ಮೇಜಿನ ಮೇಲಿಟ್ಟು, ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತ. ಅವನ ಹಿಂದೆ ವೂಕಾ. ಕ್ಲಬ್ಬಿನ ಕೆಂಪು ಜಾಕೆಟ್ಟು, ಅಗಲದ ಪ್ಯಾಂಟು. ಕುಂಟದೆ ನಡೆಯಲು ಅವಳು ಪಡುತ್ತಿದ್ದ ಪಾಡು ಕುಂಟುವುದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

"ತೆಗೀರಿ ಇದನ್ನ," ಎಂದಳು ಒಲಿವೆರಾ, ಬಾಟಲಿಯನ್ನು ಬೆರಳಿನಿಂದ ತಳ್ಳಿ. "ಲಿಪ್ನಿಕ್ ಊಟ ನನ್ನ ತಲೆ ಮೇಲೆ ಬಿದ್ದಿದ್ದು ಒಂದು ಸಲ ಸಾಕು."

"ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ ಡಾಕ್ಟ್ರಮ್ಮಾ. ಕುಡೀದಿದ್ರೆ ಕಿಟಕಿ ಒರೆಸಿ," ಎಂದ ಬ್ಲಾಗೋಯೆ. "ಮೊಣಕಾಲು ಚೆನ್ನಾಗಿದೆ ತಾನೆ? ಹಾಗಂತ ಬರೆದುಕೊಡಿ, ನಾವು ಹೊರಡ್ತೀವಿ. ಗಾಳಿ ಕುಡಿಯೋಕೂ ಇಲ್ಲಿ ನಿಲ್ಲೋ ಆಸೆ ಇಲ್ಲ."

"ಮೊಣಕಾಲು ಚೆನ್ನಾಗಿದೆ. ಲಿಗಮೆಂಟು ಬಂಗಾರದ ಹಾಗಿದೆ. ಯಾರದ್ದು ಅದು?"

"ಯಾರದ್ದು ಅಂದ್ರೆ?"

"ಯಾರ ಮೊಣಕಾಲು ಅಂತ ಕೇಳ್ತಿದೀನಿ."

"ಇವಳದ್ದು. ಕಣ್ಣು ಕಾಣಲ್ವಾ?"

"ನನ್ನ ಕಣ್ಣು ಚೆನ್ನಾಗೇ ಕಾಣತ್ತೆ. ಬನ್ನಿ, ನಿಮ್ಮ ಕಣ್ಣೂ ಕಾಣಲಿ." ಒಲಿವೆರಾ ಪರದೆಯನ್ನು ಅವರ ಕಡೆ ತಿರುಗಿಸಿದಳು. "ಈ ಪಟ್ಟಿ ನೋಡಿ. ಇದು ಮಕ್ಕಳಿಗೆ ಮಾತ್ರ ಇರತ್ತೆ. ಇಪ್ಪತ್ತಮೂರಕ್ಕೆ ಇರಲ್ಲ. ನೀವು ಮಾಡಿರೋ ಮೋಸ ನನಗೆ ಗೊತ್ತಾಗಿದೆ, ಅದನ್ನ ಆಮೇಲೆ ನೋಡ್ಕೊಳ್ಳೋಣ. ಈಗ ಇಲ್ಲಿ ನೋಡಿ, ಇದರ ಮೇಲೆ. ಈ ಮೂಳೆಯೊಳಗೆ ಒಂದು ಗೆಡ್ಡೆ ಇದೆ. ಒಳ್ಳೇದಲ್ಲ. ನಿನ್ನೆ ಆ ಯಂತ್ರದಲ್ಲಿ ಮಲಗಿದ್ದ ಮಗುನ ಇವತ್ತೇ ಬೆಲ್‌ಗ್ರೇಡಿನ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಆ ಮಗು ಯಾರು?"

ಬ್ಲಾಗೋಯೆ ನಕ್ಕ. ಹೊಟ್ಟೆ ಕುಲುಕಿಸಿಕೊಂಡು ನಕ್ಕ.

"ಶಹಬ್ಬಾಸ್! ನಾನು ಏನೇನೋ ಅಂದ್ಕೊಂಡಿದ್ದೆ ಡಾಕ್ಟ್ರಮ್ಮಾ. ಲಿಗಮೆಂಟು ಹರಿದಿದೆ ಅಂತ ಸುಳ್ಳು ಬರೀತೀರಿ ಅಂದ್ಕೊಂಡಿದ್ದೆ. ಗೆಡ್ಡೆ! ಇದು ನನ್ನ ತಲೆಗೇ ಹೊಳೀಲಿಲ್ಲ ನೋಡಿ. ಭಾನುವಾರ ಗೆಲ್ಲೋಕೆ ವ್ರಾನೊವೊದವರು ಇಲ್ಲಿವರೆಗೂ ಇಳೀತೀರಾ?"

"ಭಾನುವಾರ ಹಾಳಾಗಿ ಹೋಗಲಿ ರೀ! ನಾನು ಆಟದ ಮಾತಾಡ್ತಾ ಇದೀನಾ?"

"ಮತ್ತಿನ್ನೇನು? ಗೆಡ್ಡೆ ಅಂತ ಹೆದರಿಸಿದ್ರೆ ನಾವು ಬಾಯಿ ಬಿಡ್ತೀವಿ, ಬೇರೆ ಯಾರನ್ನೋ ಮಲಗಿಸಿದ್ವಿ ಅಂತ ಒಪ್ಕೋತೀವಿ, ನೀನು ಒಕ್ಕೂಟಕ್ಕೆ ಫೋನ್ ಹಾಕ್ತೀಯ. ಅಷ್ಟೇ ತಾನೆ? ಎಮ್ಮೆ ಕಾಯೋರಲ್ಲಮ್ಮಾ ನಾವು."

'ನೀವು' ಹೋಗಿ 'ನೀನು' ಬಂದಿತ್ತು. ಒಲಿವೆರಾಳ ಕಿವಿ ಬಿಸಿಯಾಯಿತು. ಅವನ ಅನುಮಾನ ನ್ಯಾಯವಾಗಿಯೇ ಇತ್ತು ಅನ್ನುವುದು ಅವಳನ್ನು ಇನ್ನಷ್ಟು ಉರಿಸಿತು. ಗೆಡ್ಡೆ ಕಾಣುವ ಮೊದಲು ಅವಳು ಫೋನಿಗೆ ಕೈ ಚಾಚಿದ್ದು ಅದಕ್ಕೇ ಅಲ್ಲವೇ? ಅವನ ಜಾಗದಲ್ಲಿ ಅವಳಿದ್ದರೂ ನಂಬುತ್ತಿರಲಿಲ್ಲ. ಅವಳು ವೂಕಾಳ ಕಡೆ ತಿರುಗಿದಳು.

"ನೀನು ಹೇಳಮ್ಮಾ. ಇದು ನಿನ್ನ ಕಾಲಾ?"

ವೂಕಾ ಪರದೆಯನ್ನೇ ನೋಡುತ್ತಿದ್ದಳು. "ನನ್ನದೇ," ಎಂದಳು. "ನಾನು ಬಿದ್ದಾಗ ನೀವು ಟಿವಿ ಮುಂದೆ ಕುಣಿದಿರ್ತೀರಿ. ನನಗೆ ಗೊತ್ತು. ವ್ರಾನೊವೊ ಪೂರ್ತಿ ಕುಣಿದಿದೆ. ಹಂಗೇರಿಯಿಂದ ಕ್ಲಬ್ಬಿನವರು ಬರ್ತಿದ್ದಾರೆ ನನ್ನ ನೋಡೋಕೆ, ಭಾನುವಾರ. ಒಂದೇ ಒಂದು ಆಟ ನನಗೆ ಬೇಕಾಗಿರೋದು. ನನ್ನ ಕಾಲು ಮುರಿದ್ರೆ ನಿಮಗೇನು ಸಿಗತ್ತೆ ಡಾಕ್ಟ್ರೇ?"

"ಮುರಿದ ಕಾಲ ಮೇಲೆ ನೀನು ಕುಣಿಯೋದಾದ್ರೆ ಕುಣಿ, ನನಗೇನೂ ಆಗಬೇಕಾಗಿಲ್ಲ. ಬೇಕಾದ್ರೆ ನೀನು ಆಡಬಹುದು ಅಂತ ಬರೆದೂ ಕೊಡ್ತೀನಿ, ನನ್ನ ಕೆಲಸ ಹೋದ್ರೂ ಹೋಗಲಿ! ಹೆಸರು ಹೇಳಿ. ಯಾರ ಮನೆ ಮಗು? ತಂಡದ ಯಾರದ್ದೋ ತಂಗೀನಾ? ಶಾಲೆ ಹುಡುಗೀನಾ? ಆ ಮಗುಗೆ ಈ ಕಾಯಿಲೆ ಇದೆ ಅಂತ ಈ ಭೂಮಿ ಮೇಲೆ ಗೊತ್ತಿರೋದು ನನಗೊಬ್ಬಳಿಗೆ. ನನಗೆ ಆ ಮಗು ಯಾರು ಅಂತ ಗೊತ್ತಿಲ್ಲ. ನೀವು ಬಾಯಿ ಮುಚ್ಕೊಂಡ್ರೆ ಅದು ಸಾಯತ್ತೆ. ಅರ್ಥ ಆಗತ್ತಾ? ಸಾಯತ್ತೆ!"

ಕೆಲಸ ಹೋದರೂ ಹೋಗಲಿ ಅಂದಿದ್ದು ಬಾಯಿ ತಪ್ಪಿಯಲ್ಲ. ಆ ಕ್ಷಣಕ್ಕೆ ಅವಳು ಬರೆದೇ ಕೊಡುತ್ತಿದ್ದಳು. ಆದರೆ ಬ್ಲಾಗೋಯೆಗೆ ಅದರಲ್ಲೂ ಬಲೆಯೇ ಕಂಡಿತು. ಅವನು ಎದ್ದು ನಿಂತ. ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ನಗು ಹೋಗಿ ಮುಖ ಗಂಟಾಗಿತ್ತು.

"ಕೇಳು. ಇದೇ ಕೊನೆ. ನನ್ನ ನೆದಾ ಜೀವದಾಣೆ. ನನ್ನ ಚಿಕ್ಕ ಮಗಳ ಜೀವದಾಣೆ ಹೇಳ್ತಿದೀನಿ, ನಿನ್ನೆ ಇಲ್ಲಿ ಮಲಗಿದ್ದು ವೂಕಾನೇ."

ಆ ಬೆಟ್ಟಗಳಲ್ಲಿ ಮಕ್ಕಳ ಜೀವದ ಮೇಲೆ ಆಣೆ ಬಿತ್ತೆಂದರೆ ಮಾತು ಮುಗಿಯಿತು. ಗಡಿ ಜಗಳವಾಗಲಿ, ಕುರಿ ಕಳ್ಳತನವಾಗಲಿ, ಆಮೇಲೆ ಒಂದು ಪ್ರಶ್ನೆ ಕೇಳಿದವನು ಜನ್ಮಕ್ಕೆ ವೈರಿ. ಆಣೆಗೆ ತರುವುದೂ ಸುಮ್ಮನೆ ಯಾರನ್ನೋ ಅಲ್ಲ, ಮನೆಯಲ್ಲಿ ಎಲ್ಲರಿಗಿಂತ ಮುದ್ದಿನವರನ್ನು. ಇಲ್ಲವಾದರೆ ಅದಕ್ಕೆ ಬೆಲೆ ಇಲ್ಲ. ಒಲಿವೆರಾಳೂ ಅದೇ ಮಣ್ಣಿನವಳು. ಮಗುವಿನ ಹೆಸರು ಕಿವಿಗೆ ಬಿದ್ದದ್ದೇ ಅವಳ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಬ್ಲಾಗೋಯೆ ಟೋಪಿ ಹಾಕಿಕೊಂಡು ಬಾಗಿಲ ಕಡೆ ಹೊರಟ. ವೂಕಾ ಹೊರಡಲಿಲ್ಲ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ, ತಂದೆಯನ್ನು ಮೊದಲ ಸಲ ನೋಡುತ್ತಿರುವವಳಂತೆ ನೋಡುತ್ತಿದ್ದಳು.

ಆ ಮುಖ ನೋಡಿ ಒಲಿವೆರಾಗೆ ಹೊಳೆಯಿತು.

"ನೆದಾಗೆ ಎಷ್ಟು ವಯಸ್ಸು?" ಎಂದಳು.

ಬ್ಲಾಗೋಯೆ ತಿರುಗಿದ. "ಆಣೆ ಹಾಕಿದ ಮೇಲೆ ಕೇಳ್ತೀಯಾ? ನಾಚಿಕೆ ಆಗಲ್ವಾ ನಿನಗೆ? ನಿನ್ನ ಅಪ್ಪ ಅಮ್ಮ ಇದನ್ನೇ ಹೇಳಿಕೊಟ್ರಾ?"

"ಎಷ್ಟು ವಯಸ್ಸು ಅಂತ ಕೇಳ್ದೆ!"

"ಹದಿಮೂರು," ಎಂದಳು ವೂಕಾ.

"ಬಾಯ್ಮುಚ್ಚು ನೀನು!"

"ಎತ್ತರ ಇದಾಳಾ?" ಒಲಿವೆರಾ ಬ್ಲಾಗೋಯೆ ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ ವೂಕಾಳನ್ನೇ ಕೇಳಿದಳು. "ಎಡಗಾಲು ನೋವು ಅಂತಾಳಾ? ಆಟ ಆಡಿದಾಗ ಅಲ್ಲ, ಸುಮ್ಮನೆ ಮಲಗಿದ್ದಾಗ?"

"ಮಲಗಿದಾಗ ಅಳ್ತಾಳೆ." ವೂಕಾಳ ದನಿ ಮಗುವಿನ ದನಿಯಾಗಿತ್ತು. "ನಾವಿಬ್ರೂ ಒಂದೇ ಕೋಣೇಲಿ ಮಲಗ್ತೀವಿ. ದಿಂಬು ಕಚ್ಕೊಂಡು ಅಳ್ತಾಳೆ. ಬೆಳೆಯೋ ವಯಸ್ಸಿನ ನೋವು, ಎಲ್ಲರಿಗೂ ಬರತ್ತೆ, ಎಣ್ಣೆ ಹಚ್ಚಿ ಉಜ್ಜು ಅಂತ ಅಪ್ಪ ಹೇಳಿದ್ರು. ನಾನೇ ಉಜ್ತಿದ್ದೆ. ಇಲ್ಲಿ, ಮೊಣಕಾಲಿನ ಮೇಲೆ ಒಂದು ಊತ ಇದೆ, ಅದರ ಮೇಲೇ ಉಜ್ತಿದ್ದೆ."

"ವೂಕಾ, ಅವಳು ನಾಟಕ ಆಡ್ತಿದಾಳೆ. ನಿನ್ನ ಬಾಯಿಂದ ಹೊರಡಿಸೋಕೆ ನೋಡ್ತಿದಾಳೆ. ಒಂದು ಮಾತು ಆಡಿದ್ರೆ ಭಾನುವಾರ ಹೋಯ್ತು, ನಿನ್ನ ಹಂಗೇರಿ ಹೋಯ್ತು, ಎಲ್ಲಾ ಹೋಯ್ತು!"

ವೂಕಾ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ಎಡಗಾಲಿನ ಪ್ಯಾಂಟನ್ನು ತೊಡೆಯ ತನಕ ಎಳೆದಳು. ಒಳಗೆ ಸುತ್ತು ಸುತ್ತು ಬಿಗಿದ ಬ್ಯಾಂಡೇಜು. ಅದನ್ನು ಬಿಚ್ಚಿದಳು. ಮೊಣಕಾಲು ಹುದುಗು ಬಂದ ಹಿಟ್ಟಿನ ಹಾಗೆ ಊದಿಕೊಂಡಿತ್ತು. ಬೆಂಚಿನ ಮೇಲೆ ಅಂಗಾತ ಮಲಗಿ, ಕಾಲನ್ನು ಸ್ವಲ್ಪ ಮಡಚಿ, ಚಾವಣಿ ನೋಡುತ್ತಾ ಹೇಳಿದಳು:

"ಎಳೆದು ನೋಡಿ ಡಾಕ್ಟ್ರೇ. ಅಪ್ಪ ನೋಡಲಿ."

ಒಲಿವೆರಾ ರೋಗಿಯೊಬ್ಬರ ಕಾಲು ಮುಟ್ಟಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಕೈಗೆ ನೆನಪಿತ್ತು. ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕೆಳಗಾಲಿನ ಹಿಂಬದಿ ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆದಳು. ಒಳಗಿನ ಲಿಗಮೆಂಟ್ ಇದ್ದಿದ್ದರೆ ಅದು ಟಕ್ಕೆಂದು ಹಿಡಿದು ನಿಲ್ಲಿಸಬೇಕಿತ್ತು. ಇಲ್ಲಿ ನಿಲ್ಲಿಸಲು ಏನೂ ಉಳಿದಿರಲಿಲ್ಲ. ಮೇಜಿನ ಖಾನೆ ಎಳೆದ ಹಾಗೆ ಕೆಳಗಾಲು ಮುಂದಕ್ಕೆ ಬಂದುಬಿಟ್ಟಿತು. ವೂಕಾ ತುಟಿ ಕಚ್ಚಿಕೊಂಡಳು, ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

"ನನ್ನ ಮೊಣಕಾಲು ಇದು ಅಪ್ಪಾ," ಎಂದಳು. "ಅದು ನೆದಾದು. ಈಗಲಾದ್ರೂ ಒಪ್ಕೋ. ಅವಳ ಮೇಲೆ ಆಣೆ ಹಾಕಿದೆಯಲ್ಲ ನೀನು, ಅವಳ ಮೇಲೇ!"

ಬ್ಲಾಗೋಯೆ ಪರದೆ ನೋಡಿದ, ಬೆಂಚು ನೋಡಿದ, ಮತ್ತೆ ಪರದೆ ನೋಡಿದ. ಒಂದರಲ್ಲಿ ಗಟ್ಟಿಯಾಗಿ ನಿಂತ ಲಿಗಮೆಂಟು, ಇನ್ನೊಂದರಲ್ಲಿ ಜೋತಾಡುವ ಕಾಲು. ಎರಡೂ ಒಬ್ಬಳದೇ ಎಂದು ಹೇಳಲು ಯಾವ ಮೂರ್ಖನಿಂದಲೂ ಆಗುತ್ತಿರಲಿಲ್ಲ. ಆಮೇಲೆ ಅವನು ಗೋಡೆ ಹಿಡಿದುಕೊಂಡು ಕುರ್ಚಿಗೆ ಕುಸಿದ.

"ಎಲ್ಲಿದಾಳೆ ಅವಳು?" ಎಂದಳು ಒಲಿವೆರಾ.

"ಕೆಳಗೆ. ಕಾರಲ್ಲಿ," ಎಂದಳು ವೂಕಾ. "ಆಮೇಲೆ ಕೇಕ್ ಕೊಡಿಸ್ತೀವಿ ಅಂತ ಕರ್ಕೊಂಡು ಬಂದಿದ್ವಿ. ನಾನು ಕರ್ಕೊಂಡು ಬರ್ತೀನಿ."

"ಲಿಫ್ಟಲ್ಲಿ ಕರ್ಕೊಂಡು ಬಾ, ಮೆಟ್ಟಿಲು ಬೇಡ. ಸ್ಲಾವ್ಕೋ ಗಾಲಿಕುರ್ಚಿ ತರ್ತಾನೆ. ಓಡೋಕೆ ಬಿಡಬೇಡ, ಆ ಮೂಳೆ ಗಟ್ಟಿಯಿಲ್ಲ. ಇನ್ನೂ ಏನೂ ಹೇಳಬೇಡ ಅವಳಿಗೆ."

ವೂಕಾ ಎದ್ದಳು. ಈಗ ಮುಚ್ಚಿಡಬೇಕಾದ್ದೇನೂ ಇರಲಿಲ್ಲ. ಗೋಡೆ ಹಿಡಿದುಕೊಂಡು, ಕುಂಟುತ್ತಲೇ ಹೋದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಒಲಿವೆರಾ ಬೆಲ್‌ಗ್ರೇಡಿನ ಆಸ್ಪತ್ರೆಗೆ ಫೋನು ಮಾಡಿ, ಮಕ್ಕಳ ಮೂಳೆ ವಿಭಾಗದಲ್ಲಿ ತನಗೆ ಪರಿಚಯವಿದ್ದವರನ್ನು ಹಿಡಿದು, ನಾಳೆ ಬೆಳಿಗ್ಗೆಗೆ ಜಾಗ ಮಾಡಿಸಿಕೊಂಡಳು. ಹೆಸರು ಕೇಳಿದರು. "ನೆದಾ ದ್ರಾಶ್ಕಿಚ್," ಎಂದಳು. ಫೋನಿಟ್ಟಾಗ ಬ್ಲಾಗೋಯೆ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಅವಳನ್ನೇ ನೋಡುತ್ತಿದ್ದ.

"ಡಾಕ್ಟ್ರೇ."

"ಏನು?"

"ಅದು... ನಾನು ಆಣೆ ಹಾಕೋ ಮುಂಚೆ ಇತ್ತಾ?"

ಒಲಿವೆರಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಸಿಟ್ಟು ಏರಿತು. ಇವನಿಗೆ ಈಗಲೂ ಇವನದೇ ಚಿಂತೆ! ಗೊತ್ತಿಲ್ಲ ಅಂದುಬಿಡೋಣ ಅನ್ನಿಸಿತು ಅವಳಿಗೆ. ಸಾಯುವ ತನಕ ಹೊತ್ತುಕೊಂಡು ತಿರುಗಲಿ, ಮಗಳ ಜೀವವನ್ನು ಸುಳ್ಳಿಗೆ ಅಡವಿಟ್ಟವನಿಗೆ ಇದಕ್ಕಿಂತ ಕಡಿಮೆ ಯಾಕೆ? ಅವನ ಕಣ್ಣು ನೋಡಿದಳು. ಅಲ್ಲಿ ಕೋಚೂ ಇರಲಿಲ್ಲ, ಲಿಪ್ನಿಕ್ಕೂ ಇರಲಿಲ್ಲ.

"ಇತ್ತು," ಎಂದಳು. "ನಿನ್ನೆ ತೆಗೆದ ಚಿತ್ರ ಇದು. ನೀವು ಬಾಯಿ ಬಿಟ್ಟಿದ್ದು ಇವತ್ತು. ಅದು ಬಂದು ತಿಂಗಳುಗಳೇ ಆಗಿರಬೇಕು."

"ಖಂಡಿತಾ?"

"ಖಂಡಿತಾ."

"ಬದುಕ್ತಾಳಾ?"

"ಅದನ್ನ ಬೆಲ್‌ಗ್ರೇಡಿನವರು ಹೇಳಬೇಕು. ಗೆಡ್ಡೆಯಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡ್ತಾರೆ. ಬೇಗ ಸಿಕ್ಕಿದೆ ಅನ್ಸತ್ತೆ. ಇಷ್ಟೇ ನನಗೆ ಗೊತ್ತಿರೋದು."

ಇನ್ನೂ ಒಂದು ಮಾತು ಅವಳ ನಾಲಿಗೆ ತುದಿಯಲ್ಲಿತ್ತು. ಇವನು ಮೋಸ ಮಾಡದೆ ಹೋಗಿದ್ದರೆ ಆ ಮಗುವನ್ನು ಯಾರೂ ಯಂತ್ರದಲ್ಲಿ ಮಲಗಿಸುತ್ತಿರಲಿಲ್ಲ, ಮೂಳೆ ಮುರಿದು ಬೀಳುವ ತನಕ ಎಣ್ಣೆ ಹಚ್ಚಿ ಉಜ್ಜುತ್ತಲೇ ಇರುತ್ತಿದ್ದರು. ಅದು ನಿಜ. ಆ ನಿಜ ಅವನಿಗೆ ಎಷ್ಟು ಸಮಾಧಾನ ಕೊಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

ಬಾಗಿಲು ತೆರೆದುಕೊಂಡಿತು. ಸ್ಲಾವ್ಕೋ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಅದರಲ್ಲಿ ಕೂತಿದ್ದ ಹುಡುಗಿಯ ಕಾಲುಗಳು ಉದ್ದವಾಗಿ ಮುಂದಕ್ಕೆ ಚಾಚಿದ್ದವು. ಮುಖ ಮಾತ್ರ ಪೂರ್ತಿ ಮಗುವಿನದು, ಹಲ್ಲಿಗೆ ತಂತಿ ಹಾಕಿಸಿದ್ದಳು. ಗಾಲಿಕುರ್ಚಿಯಲ್ಲಿ ಕೂರಿಸಿದ್ದು ಅವಳಿಗೆ ದೊಡ್ಡ ತಮಾಷೆಯಾಗಿತ್ತು. ಹಿಂದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ವೂಕಾ ನಿಂತಳು.

ಒಲಿವೆರಾ ಪರದೆ ಆರಿಸಲು ಕೈ ಎತ್ತುವಷ್ಟರಲ್ಲಿ ನೆದಾ ಅದನ್ನು ನೋಡಿಬಿಟ್ಟಿದ್ದಳು.

"ಇದು ನನ್ನ ಕಾಲಾ?" ಎಂದು ಕೇಳಿದವಳು ತಕ್ಷಣ ತಂದೆಯ ಕಡೆ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಯ್ಯೋ. ಹೇಳ್ಬಾರ್ದಿತ್ತು ಅಲ್ವಾ?"

"ಹೇಳಬಹುದು ಪುಟ್ಟೀ," ಎಂದಳು ಒಲಿವೆರಾ. "ಈಗ ನನಗೆ ಗೊತ್ತು. ನಿನ್ನದೇ ಕಾಲು."

ನೆದಾಳ ಮುಖ ಅರಳಿತು. "ಒಳಗೆ ಎಷ್ಟು ಸದ್ದು ಅಂತೀರಿ! ಮೂಗು ಬೇರೆ ಕೆರೀತಿತ್ತು, ಕಾಲೂ ನೋಯ್ತಿತ್ತು. ಅಲುಗಾಡಿದ್ರೆ ಚಿತ್ರ ಕೆಡತ್ತೆ, ವೂಕಾ ಆಡೋಕಾಗಲ್ಲ ಅಂತ ಅಪ್ಪ ಹೇಳಿದ್ರು. ಅದಕ್ಕೇ ನಾನು ಉಸಿರೂ ಮೆತ್ತಗೆ ಬಿಡ್ತಿದ್ದೆ. ಚೆನ್ನಾಗಿ ಬಂದಿದೆಯಾ?"

ಬ್ಲಾಗೋಯೆ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡ. ಅವನ ಭುಜಗಳು ಅಲುಗಾಡುತ್ತಿದ್ದವು. ಒಲಿವೆರಾ ತನ್ನ ಕುರ್ಚಿಯನ್ನು ಎಳೆದು, 'ಇದನ್ನು ಆ ಕಾಲ ಕೆಳಗೆ ಇಡು' ಎಂದು ಸ್ಲಾವ್ಕೋಗೆ ಕಣ್ಸನ್ನೆ ಮಾಡಿದಳು.

"ತುಂಬಾ ಚೆನ್ನಾಗಿ ಬಂದಿದೆ," ಎಂದಳು. "ಈ ವರ್ಷದಲ್ಲಿ ಇಷ್ಟು ಸ್ಪಷ್ಟವಾದ ಚಿತ್ರ ನಾನು ನೋಡಿಲ್ಲ."

"ಹಾಗಾದ್ರೆ ಭಾನುವಾರ ವೂಕಾ ಆಡ್ತಾಳೆ ಅಲ್ವಾ?" ಎಂದು ನೆದಾ ಅಕ್ಕನ ಕಡೆ ತಿರುಗಿ, ತಂತಿ ಹಾಕಿದ ಹಲ್ಲೆಲ್ಲ ಕಾಣುವಂತೆ ನಕ್ಕಳು.